ಬಾಗಿಲಿಗೆ ಬಂದ ಕಾಗದ

ಎಪ್ಪತ್ತರ ದಶಕದಲ್ಲಿ ಮಾನ್ವಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದಾಗ ಕರಿಹಲಗೆಯ ಮೇಲೆ ಜೀವಕೋಶದ ಚಿತ್ರ ಬರೆಯುವ ನನ್ನದೇ ಒಂದು ರೀತಿ ಇತ್ತು. ಮೊದಲು ದೊಡ್ಡ ವೃತ್ತ. ಅದರ ಅಂಚಿನಲ್ಲಿ ಹೊರಮುಖವಾಗಿ ನಾಲ್ಕೈದು ಸಣ್ಣ ಬಟ್ಟಲು; ಅವು ಗ್ರಾಹಕಗಳು. ರಕ್ತದಲ್ಲಿ ತೇಲಿ ಬಂದ ಹಾರ್ಮೋನು ಬಟ್ಟಲಿನಲ್ಲಿ ಕೂರುತ್ತದೆ ಎಂದು ತೋರಿಸಲು ಒಂದು ಚುಕ್ಕೆ. "ಕಾಗದ ಬಂತು, ಬಾಗಿಲದಾಗ ತಗೊಂಡ್ರು, ಮುಗೀತು. ಕೋಶ ಬೆಳೀತದ" ಎಂದು ಹೇಳಿ ಕೈಗೆ ಹತ್ತಿದ ಸುಣ್ಣವನ್ನು ಒರೆಸಿಕೊಳ್ಳುತ್ತಿದ್ದೆ. ವೃತ್ತದ ಒಳಗೆ ಏನನ್ನೂ ಬರೆಯುತ್ತಿರಲಿಲ್ಲ. ಅಲ್ಲಿ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹುಡುಗರಿಗೆ ಹೇಳುತ್ತಲೂ ಇರಲಿಲ್ಲ.

ಆ ಖಾಲಿ ಜಾಗದ ಬಗ್ಗೆ ಬರೆಯಬೇಕೆಂದು ಕುಳಿತಿದ್ದೇನೆ. ಬರೆಯಲು ಕುಳಿತರೆ ನನ್ನ ತಂಗಿಯ ಬಗ್ಗೆಯೇ ಬರೆಯಬೇಕಾಗುತ್ತದೆ.

ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳನ್ನು ದೇವದುರ್ಗದಲ್ಲಿದ್ದ ನಮ್ಮ ಸೋದರಮಾವನಿಗೇ ಕೊಟ್ಟಿದ್ದರು. ನಮ್ಮ ಕಡೆ ಅದು ಹೊಸದಲ್ಲ. ಹೊರಗೆ ಕೊಟ್ಟಿದ್ದರೇ ಜನ ಕಾರಣ ಕೇಳುತ್ತಿದ್ದರು. ರಕ್ತಸಂಬಂಧದ ಮದುವೆಗಳ ಬಗ್ಗೆ ನಾನು ಆ ಹೊತ್ತಿಗೆ ಒಂದು ಅಧ್ಯಾಯವನ್ನು ಓದಿ ಪರೀಕ್ಷೆ ಬರೆದಿದ್ದೆ. ಮದುವೆಯ ಚಪ್ಪರದಲ್ಲಿ ಅದು ನೆನಪಾಗಲೇ ಇಲ್ಲ. ನೆನಪಾಗಿದ್ದರೂ ಬಾಯಿ ಬಿಡುತ್ತಿದ್ದೆನೆಂದು ಹೇಳಲಾರೆ.

ಅವರಿಗೆ ಒಬ್ಬಳೇ ಮಗಳು. ಆರು ತುಂಬಿದಾಗಲೂ ಮೂರು ವರ್ಷದ ಕೂಸಿನಷ್ಟಿದ್ದಳು. ಹಣೆ ಅಗಲ, ಕೈಕಾಲು ಸಣ್ಣವು, ದನಿ ತೆಳ್ಳಗೆ. ಮಾತು ಮಾತ್ರ ಮುದುಕಿಯರದು. ಒಂದು ದೀಪಾವಳಿ ರಜೆಗೆ ನಾನು ಅಲ್ಲಿಗೆ ಹೋದಾಗ ಅವಳು ನನ್ನ ಚೀಲ ಹಿಡಿದೆಳೆದು, "ಮಾಮಾ, ಖಾಲಿ ಕೈಲೆ ಬಂದಿ ಅಂದ್ರ ಒಳಗ ಬಿಡಂಗಿಲ್ಲ ನೋಡು" ಎಂದಳು. ನಾನು ತಂದಿದ್ದ ಬತ್ತಾಸಿನ ಪೊಟ್ಟಣವನ್ನು ಪರೀಕ್ಷಿಸಿದ ಮೇಲೆಯೇ ದಾರಿ ಬಿಟ್ಟಳು.

ಮಾವನ ಮನೆಯಲ್ಲಿ ಅಣ್ಣತಮ್ಮಂದಿರು ಒಟ್ಟಿಗಿದ್ದರು. ಮಕ್ಕಳೆಲ್ಲ ಒಂದೇ ದೊಡ್ಡ ಗಂಗಾಳದ ಸುತ್ತ ಕುಳಿತು ಉಣ್ಣುತ್ತಿದ್ದವು. ಆ ಎರಡು ದಿನ ನಾನು ಗಮನಿಸಿ ನೋಡಿದೆ. ಬೇರೆ ಮಕ್ಕಳು ಗಬಗಬ ಉಂಡರೆ ಈಕೆ ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದಳು.

"ಕೂಸು ಊಟ ಮಾಡಂಗಿಲ್ಲೇನು?" ಎಂದು ತಂಗಿಯನ್ನು ಕೇಳಿದೆ.

"ಎಲ್ಲಿ ಊಟ ಅಣ್ಣ! ಏನೂ ತಿನ್ನಂಗಿಲ್ಲ. ಗಾಳಿ ಕುಡದು ಬದಕ್ಯಾಳ" ಎಂದಳು ತಂಗಿ.

ಮಾವನ ಅಣ್ಣನ ಹೆಂಡತಿ, ನನಗೆ ಅತ್ತೆಯಾಗಬೇಕಾದವಳು, ಒಲೆಯ ಮುಂದಿನಿಂದಲೇ ಹೇಳಿದಳು: "ನಾಕ ಮಕ್ಕಳನ್ನ ನಾ ಬೆಳಸೀನಪ್ಪ. ತಿನ್ನಂಗಿಲ್ಲ ಅಂದ್ರ ತಿನ್ನಸೂದು ತಾಯಿಗೆ ಬರಬೇಕು."

ಊಟವಾದ ಮೇಲೆ ತಂಗಿ ಮಗಳನ್ನು ಕರೆದುಕೊಂಡು ಕಾಳಿನ ಚೀಲಗಳಿದ್ದ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಒಂದು ಖಾಲಿ ಹಿತ್ತಾಳೆ ಬಟ್ಟಲು ಹಿಡಿದು ಹೊರಗೆ ಬರುತ್ತಿದ್ದಳು. ಎರಡು ದಿನವೂ ಇದನ್ನು ನಾನು ಕಂಡೆ. ಮನೆಯವರ ಕಣ್ಣು ತಪ್ಪಿಸಿ ಅವಳು ತಾನೇ ಏನೋ ತಿನ್ನುತ್ತಿದ್ದಾಳೆ ಎಂದುಕೊಂಡೆ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಆದರೂ ಅಂದುಕೊಂಡದ್ದು ಅದನ್ನೇ.

ನಿಜ ನನಗೆ ತಿಳಿದದ್ದು ತಡವಾಗಿ: ಅವಳು ಒಳಗೆ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಮಗಳಿಗೆ ತುತ್ತು ಮಾಡಿ ಉಣ್ಣಿಸುತ್ತಿದ್ದಳು. ಕೂಸು ತುಂಬಿದ ಬಟ್ಟಲನ್ನು ಮುಗಿಸುತ್ತಿತ್ತು. ಬೆಳೆಯದ ಮಗುವಿಗೆ ಮೊದಲೇ ಯಾರದೋ ಕಣ್ಣು ಬಿದ್ದಿದೆ ಎಂದು ಅವಳ ನಂಬಿಕೆ. ಹೊಟ್ಟೆ ತುಂಬ ಉಣ್ಣುವುದನ್ನು ನಾಲ್ಕು ಜನ ನೋಡಿದರೆ ಇನ್ನಷ್ಟು ದೃಷ್ಟಿಯಾದೀತು ಎಂದು ಕದ ಹಾಕುತ್ತಿದ್ದಳು. ಕೇಳಿದವರಿಗೆಲ್ಲ ಏನೂ ತಿನ್ನುವುದಿಲ್ಲ ಎನ್ನುತ್ತಿದ್ದಳು. ನಮ್ಮ ಸೀಮೆಯ ತಾಯಂದಿರೆಲ್ಲ ಆಡುವ ಮಾತು ಅದು. ನಾನು ನಾಲ್ಕು ರೊಟ್ಟಿ ಮುಗಿಸಿ ಕೈ ತೊಳೆಯುತ್ತಿದ್ದಾಗ, ಬಾಗಿಲಲ್ಲಿ ನಿಂತ ನೆರೆಯವಳಿಗೆ ನಮ್ಮವ್ವ "ನನ್ನ ಮಗ ಕೋಳಿಹಂಗ ಕೆದರಿ ಏಳ್ತಾನವ್ವ" ಎಂದದ್ದನ್ನು ಎಷ್ಟು ಸಲ ಕೇಳಿಲ್ಲ! ಆ ಮಾತಿನ ಅರ್ಥ ನನಗೆ ಗೊತ್ತಿತ್ತು. ಆದರೆ ಕಾಲೇಜು ಮೇಷ್ಟ್ರಾದ ಮೇಲೆ ಅಂಥವನ್ನೆಲ್ಲ ಹಿಂದೆ ಬಿಟ್ಟು ಬಂದಿದ್ದೇನೆಂಬ ಹೆಮ್ಮೆ ಇತ್ತು. ಹೇಳಿದ ಮಾತನ್ನು ಹೇಳಿದಂತೆಯೇ ತೆಗೆದುಕೊಳ್ಳುವುದು ವಿಜ್ಞಾನ ಎಂದು ತಿಳಿದಿದ್ದೆ.

ರಜೆ ಮುಗಿಯುವ ಮೊದಲು ತಾಯಿ ಮಗಳಿಬ್ಬರನ್ನೂ ರಾಯಚೂರಿಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಮೈಸೂರು ಕಡೆಯವರು, ಒಳ್ಳೆಯವರು. ಕೂಸಿನ ಎತ್ತರ, ತೂಕ ನೋಡಿದರು. ನಾಲಿಗೆ, ಕಣ್ಣು ನೋಡಿದರು. ಆಮೇಲೆ ತಂಗಿಯನ್ನು ಕೇಳಿದರು, "ಊಟ ಹೇಗೆ ಮಾಡ್ತಾಳಮ್ಮ?"

"ಏನೂ ತಿನ್ನಂಗಿಲ್ರಿ" ಎಂದಳು ತಂಗಿ. ಕೋಣೆಯಲ್ಲಿ ಇನ್ನೂ ಇಬ್ಬರು ರೋಗಿಗಳ ಕಡೆಯವರು ಕುಳಿತಿದ್ದರು.

ಡಾಕ್ಟರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ನನ್ನ ಕಡೆ ತಿರುಗಿ, "ನೀವು ಓದಿದವರು. ನಿಜ ಹೇಳಿ, ಆ ಮನೆಯಲ್ಲಿ ಮಗುವಿಗೆ ಸರಿಯಾಗಿ ಊಟ ಸಿಗ್ತಾ ಇದೆಯೇ?" ಎಂದರು.

"ಇಲ್ಲ ಅನಸ್ತದ್ರಿ" ಎಂದೆ.

ಇಷ್ಟೇ ನಾನು ಹೇಳಿದ್ದು. ತಂಗಿ ತಲೆ ಎತ್ತಿ ನನ್ನನ್ನು ನೋಡಿದಳು. ಏನೋ ಹೇಳಲು ತುಟಿ ತೆರೆದಳು. ಪಕ್ಕದಲ್ಲಿ ಕುಳಿತವರ ಕಡೆ ನೋಡಿ ಸುಮ್ಮನಾದಳು. ಡಾಕ್ಟರು ನನ್ನ ಮಾತನ್ನೂ ಬರೆದುಕೊಂಡರು. ಆರು ತಿಂಗಳು ಬೇರೆ ಕಡೆ ಇಟ್ಟು, ಹಾಲು, ಮೊಟ್ಟೆ, ಬೇಳೆ ಕೊಟ್ಟು ನೋಡಿ ಎಂದರು.

ಬಸ್ ನಿಲ್ದಾಣದಲ್ಲಿ ಕೂಸು ಮಾನ್ವಿಯ ಬಸ್ಸಿಗೆ ನನ್ನ ಜೊತೆ ಹತ್ತಿತು. ತಂಗಿ ಒಬ್ಬಳೇ ದೇವದುರ್ಗದ ಬಸ್ಸು ಹತ್ತಿದಳು. ಹತ್ತುವ ಮೊದಲು ನನ್ನ ಕಿವಿಯ ಹತ್ತಿರ ಬಂದು, "ಅಣ್ಣ, ಆಕಿಗೆ ತುತ್ತು ಮಾಡಿ ಉಣಸಬೇಕು. ಕದಾ ಹಾಕ್ಕೊಂಡು ಉಣಸ್ರಿ" ಎಂದಳು. ಅದು ಅವಳು ತನ್ನ ಗುಟ್ಟನ್ನೇ ಹೇಳಿದಂತೆ. ನಾನು ತಲೆಯಾಡಿಸಿದೆ, ಕೇಳಿಸಿಕೊಳ್ಳಲಿಲ್ಲ.

ಮಾನ್ವಿಯ ಬಾಡಿಗೆ ಮನೆಯಲ್ಲಿ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಅವಳನ್ನು ನಿಲ್ಲಿಸಿ ನೆತ್ತಿಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದೆ. ಪ್ರತಿ ತಿಂಗಳ ಮೊದಲ ದಿನ ಗೆರೆ ಎಳೆಯುವುದೆಂದು ನಿಯಮ ಮಾಡಿದೆ.

"ಮಾಮಾ, ನಾ ಬೆಳದ್ರ ಅವ್ವನ ಕಡಿ ಕಳಿಸ್ತೀ?" ಎಂದು ಕೇಳಿದಳು.

"ಹೂಂ. ಚಲೋತ್ನಾಗ ಉಣ್ಣಬೇಕು, ಬೆಳೀಬೇಕು. ಆಮ್ಯಾಗ ಕಳಿಸ್ತೀನಿ."

ಉಂಡಳು. ನನ್ನ ಹೆಂಡತಿ ಮೊದಲ ವಾರದಲ್ಲೇ ಹೇಳಿದಳು, "ಏನೂ ತಿನ್ನಂಗಿಲ್ಲ ಅಂದಿದ್ರಲ್ಲ? ಒಂದೂವರಿ ರೊಟ್ಟಿ ತಿಂದು ಮ್ಯಾಲ ಅನ್ನ ಕೇಳ್ತಾಳ." ಪಕ್ಕದ ಮನೆಯಲ್ಲಿ ಅಕ್ಕಿ ವ್ಯಾಪಾರಿಯ ಕುಟುಂಬ ಇತ್ತು. ದಖನಿ ಉರ್ದು ಆಡುವ ಆ ಮನೆಯ ಹೆಂಗಸು ಒಂದು ದಿನ ಕೂಸನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತು ನಗುತ್ತ, "ಸರ್, ಎರಡು ಬಟ್ಲಾ ಶ್ಯಾವಿಗಿ ಖೀರು ಕುಡದ್ಲು ನಿಮ್ಮ ಸೊಸಿ, ಮಾಶಾಲ್ಲಾ! ಇಷ್ಟು ಚಲೋ ತಿನ್ನೋ ಕೂಸು ಎಲ್ಲಿಟ್ಕೋತಾಳೊ ಏನೋ" ಎಂದಳು. ತಿನ್ನುವುದನ್ನು ಹೊಗಳಿದ ಕೂಡಲೇ ಅದಕ್ಕೆ ಕಣ್ಣು ತಾಗದಿರಲೆಂದು ಅವಳು ದೇವರ ಹೆಸರು ಸೇರಿಸಿದಳು. ಆಗಲೂ ನನಗೆ ತಂಗಿಯ ಮಾತಿನ ಅರ್ಥ ಹೊಳೆಯಬೇಕಿತ್ತು. ಹೊಳೆಯಿತು ಕೂಡ, ಒಂದು ಕ್ಷಣ. ನಾನು ಅದನ್ನು ಬದಿಗೆ ಸರಿಸಿದೆ.

ಎರಡನೆಯ ತಿಂಗಳ ಗೆರೆ ಮೊದಲಿನದರ ಮೇಲೆಯೇ ಬಿತ್ತು. ಮೂರನೆಯದೂ ಅಷ್ಟೇ. ನಾಲ್ಕನೆಯ ಸಲ ಅವಳು ಚೌಕಟ್ಟಿಗೆ ಬೆನ್ನು ಹಚ್ಚಿ, "ಮಾಮಾ, ಇವತ್ತ ಬೆಳದೀನಿ ನೋಡು" ಎಂದಳು. ಪೆನ್ಸಿಲ್ ಇಟ್ಟೆ. ಎರಡು ಬೆರಳು ಮೇಲಿತ್ತು. ಕೆಳಗೆ ನೋಡಿದರೆ ತುದಿಗಾಲಲ್ಲಿ ನಿಂತಿದ್ದಳು; ಮೀನಖಂಡ ನಡುಗುತ್ತಿತ್ತು. ನಾನು ಬಗ್ಗಿ ಅವಳ ಹಿಮ್ಮಡಿಗಳನ್ನು ಎರಡೂ ಕೈಗಳಿಂದ ನೆಲಕ್ಕೆ ಒತ್ತಿ, ಆಮೇಲೆ ಗೆರೆ ಎಳೆದೆ. ಅಳತೆ ಸರಿಯಾಗಿರಬೇಕೆಂದು. ಅವಳು ಅಳಲಿಲ್ಲ. "ಮುಂದಿನ ತಿಂಗಳಾ?" ಎಂದಳು.

ಐದನೆಯ ತಿಂಗಳಲ್ಲಿ ದೇವದುರ್ಗದಿಂದ ಒಂದು ಇನ್‌ಲ್ಯಾಂಡ್ ಕಾಗದ ಬಂತು. ತಂಗಿಗೆ ಓದು ಬರಹ ಬರುತ್ತಿರಲಿಲ್ಲ. ಓಣಿಯ ಶಾಲಾ ಮಾಸ್ತರರಿಂದ ಬರೆಸಿದ್ದಳು. ಅವರು ಅವಳ ಮಾತನ್ನು ತಿದ್ದದೆ ಹಾಗೇ ಬರೆದಿದ್ದರು:

"ಅಣ್ಣ, ಆಕಿ ಚೆಂದ ತಿಂತಾಳ. ನಾ ಸುಳ್ಳು ಹೇಳಿದ್ದೆ. ಕಣ್ಣು ಬಿದ್ದೀತು ಅಂತ ಹೇಳಿದ್ದೆ. ಕಾಳಿನ ಕೋಣ್ಯಾಗ ದಿನಾ ಎರಡೂ ಹೊತ್ತು ಉಣಸ್ತಿದ್ದೆ. ಇಲ್ಲಿ ಎಲ್ಲಾರೂ ನನಗ ಮಗಳ ಹೊಟ್ಟಿ ಕಟ್ಟಿದಾಕಿ ಅನ್ನಾಕತ್ಯಾರ. ನೀ ಡಾಕ್ಟ್ರ ಮುಂದ ಹೇಳಿದ್ದು ಇಲ್ಲಿಗೂ ಮುಟ್ಟ್ಯದ. ನೀ ಬಂದು ಒಂದು ಮಾತು ಹೇಳು. ನನ್ನ ಮಗಳನ್ನ ಕಳಿಸಿಕೊಡು."

ನಿಂತಲ್ಲೇ ಓದಿದೆ. ಕುಳಿತು ಇನ್ನೊಮ್ಮೆ ಓದಿದೆ. ಅದರಲ್ಲಿದ್ದ ಪ್ರತಿ ಮಾತೂ ನಿಜವೆಂದು ಆ ಕ್ಷಣವೇ ಗೊತ್ತಾಯಿತು. ಹಿತ್ತಾಳೆ ಬಟ್ಟಲು ಕಣ್ಣ ಮುಂದೆ ಬಂತು. ಎದ್ದು ದೇವದುರ್ಗಕ್ಕೆ ಹೋಗಬೇಕಿತ್ತು. ಸಿರವಾರದಲ್ಲಿ ಬಸ್ಸು ಬದಲಿಸಿದರೆ ಮಧ್ಯಾಹ್ನದೊಳಗೆ ಅಲ್ಲಿರಬಹುದಿತ್ತು. ಅತ್ತೆಯ ಮುಂದೆ, ಮಾವನ ಮುಂದೆ ನಿಂತು "ತಪ್ಪು ನನ್ನದು" ಎಂದರೆ ಸಾಕಿತ್ತು.

ನಾನು ಕಾಗದವನ್ನು ಮಡಿಚಿ ಕಪ್ಪೆ ಕೊಯ್ಯುವ ಪ್ರಯೋಗದ ಕೈಪಿಡಿಯೊಳಗೆ ಇಟ್ಟೆ.

ಏಕೆ ಎಂದು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಅವಳ ಮೇಲೆ ಸಿಟ್ಟಿರಲಿಲ್ಲ. ಡಾಕ್ಟರರ ಚೀಟಿಯಲ್ಲಿ ನನ್ನ ಮಾತಿತ್ತು. ಊರ ಜನ ನನ್ನನ್ನು ಓದಿದವನೆಂದು ನಂಬಿದ್ದರು. ಇನ್ನೊಂದು ತಿಂಗಳಲ್ಲಿ ಗೆರೆ ಸ್ವಲ್ಪ ಮೇಲೇರಿದರೆ ನಾನು ಹೇಳಿದ್ದು ನಿಜವಾಗುತ್ತದೆ, ಆಗ ಕಳಿಸಿಕೊಡೋಣ ಎಂದುಕೊಂಡೆ. ಅಂದರೆ ನನ್ನ ಮಾತು ಉಳಿಯಲೆಂದು ಕೂಸನ್ನು ಇಟ್ಟುಕೊಂಡೆ. ಉತ್ತರ ಬರೆಯಲಿಲ್ಲ. ಹೆಂಡತಿಗೂ ತೋರಿಸಲಿಲ್ಲ.

ಹನ್ನೊಂದು ತಿಂಗಳಾದ ಮೇಲೆ ಕರೆದುಕೊಂಡು ಹೋದೆ. ಹನ್ನೊಂದು ಗೆರೆಗಳೂ ಸೇರಿ ಒಂದು ದಪ್ಪ ಗೆರೆಯಂತೆ ಕಾಣುತ್ತಿದ್ದವು. ಅತ್ತೆ ಅಂಗಳದಲ್ಲೇ ಕೂಸನ್ನು ಮೇಲಿಂದ ಕೆಳಗೆ ನೋಡಿ, "ಮಾಮಾ ಏನು ತಿನಸಿದ್ನವ್ವ? ಹ್ವಾದಷ್ಟೇ ಬಂದಿ!" ಎಂದು ನಕ್ಕಳು. ಆಗಲಾದರೂ ಹೇಳಬಹುದಿತ್ತು. "ಈಗ ಊಟ ಚಲೋ ಮಾಡ್ತಾಳ" ಎಂದೆ. ಈಗ ಎಂಬ ಆ ಮಾತಿನಿಂದ ಮೊದಲು ಮಾಡುತ್ತಿರಲಿಲ್ಲ ಎಂದು ಎಲ್ಲರ ಮುಂದೆ ಇನ್ನೊಮ್ಮೆ ಹೇಳಿದಂತಾಯಿತು.

ತಂಗಿ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಬಾವಿಯ ಕಡೆ ಹೋಗುತ್ತ ನಿಂತು, ಮೆಲ್ಲಗೆ ಕೇಳಿದಳು, "ಅಣ್ಣ, ನಂದೊಂದು ಕಾಗದ ಬಂದಿತ್ತೇನು?"

"ಯಾವ ಕಾಗದ?" ಎಂದೆ.

ಅವಳ ಮುಖ ಹಗುರಾಯಿತು. "ಇರಲಿ ಬಿಡು. ಟಪಾಲದಾಗ ಎಲ್ಲೋ ಕಳದಿರಬೇಕು. ನಾ ಹಂಗೇ ಅನಕೊಂಡಿದ್ದೆ" ಎಂದಳು. ನಾನು ಓದಿಯೂ ಬರಲಿಲ್ಲ ಎಂಬುದಕ್ಕಿಂತ ಕಾಗದ ಕಳೆದದ್ದೇ ಅವಳಿಗೆ ಸಮಾಧಾನ ತಂದಿತ್ತು.

ಎಂಬತ್ತರ ದಶಕದಲ್ಲಿ ನನಗೆ ರಾಯಚೂರಿಗೆ ವರ್ಗವಾಯಿತು. ಒಂದು ಬೇಸಿಗೆಯಲ್ಲಿ ಅಧ್ಯಾಪಕರಿಗೆ ತರಬೇತಿ ಇಟ್ಟಿದ್ದರು. ಹೊರಗಿನಿಂದ ಬಂದ ಒಬ್ಬ ಪ್ರಾಧ್ಯಾಪಕರು ಬೆಳವಣಿಗೆಯ ಅಂಶಗಳ, ಅಂದರೆ ಕೋಶಕ್ಕೆ ಬೆಳೆಯಲು ಹೇಳುವ ವಸ್ತುಗಳ ಬಗ್ಗೆ ಹೇಳಿದರು. ಅವರೂ ಹಲಗೆಯ ಮೇಲೆ ವೃತ್ತ ಬರೆದರು. ಆದರೆ ಗ್ರಾಹಕವನ್ನು ಅಂಚಿನಲ್ಲಿ ನಿಲ್ಲಿಸದೆ, ಗೆರೆಯನ್ನು ದಾಟಿಸಿ ಅದರ ಬಾಲವನ್ನು ಕೋಶದ ಒಳಗೆ ಇಳಿಸಿದರು. ಬೆಳವಣಿಗೆಯ ಅಂಶ ಹೊರಗೆ ಬಂದು ಕೂರುವುದು ಅರ್ಧ ಕೆಲಸ ಮಾತ್ರ. ಒಳಗಿನ ಬಾಲ ಎಚ್ಚರಗೊಂಡು ಮುಂದಿನವರನ್ನು ಎಬ್ಬಿಸದಿದ್ದರೆ ಬಂದ ಸಂದೇಶ ಬಾಗಿಲಲ್ಲೇ ಉಳಿಯುತ್ತದೆ ಎಂದರು. ಕೆಲವು ಮಕ್ಕಳ ಮೈಯಲ್ಲಿ ಬೆಳವಣಿಗೆಯ ಹಾರ್ಮೋನು ಬೇಕಾದಷ್ಟಿದ್ದರೂ ಅವು ಬೆಳೆಯುವುದಿಲ್ಲ, ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದು ಹೆಚ್ಚು, ಹಣೆ ಅಗಲ, ದನಿ ತೆಳು ಎಂದರು. ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ.

ಆ ಮೇಲಿನ ವರ್ಷಗಳಲ್ಲಿ ತಿಳಿದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಗ್ರಾಹಕಗಳಲ್ಲಿ ಹಲವು ಜೋಡಿಯಾಗಿ ನಿಂತು ಕೆಲಸ ಮಾಡುತ್ತವೆ. ಹೊರಗೆ ಜೋಡಿಯಾದರೆ ಸಾಲದು, ಒಳಗಿನ ಎರಡು ಭಾಗಗಳೂ ಒಂದಕ್ಕೊಂದು ಸರಿಯಾಗಿ ಹೊಂದಿ ನಿಲ್ಲಬೇಕು. ಹಾಗೆ ನಿಲ್ಲಲು ಕೋಶದೊಳಗಿನ ಕೆಲವು ಪ್ರೋಟೀನುಗಳು ಕೈಜೋಡಿಸುತ್ತವೆ. ಅವು ಕಡಿಮೆಯಾದರೆ ಹೊರಗೆ ಅಂಶ ಬಂದು ಕೂತರೂ ಗ್ರಾಹಕ ಮಂಕಾಗಿಯೇ ಇರುತ್ತದೆ. ಬೆಳವಣಿಗೆಯ ಹಾರ್ಮೋನಿನ ಗ್ರಾಹಕಕ್ಕಂತೂ ಒಳಗಡೆ ಬಾಲವಿದ್ದರೂ ಕೆಲಸ ಮಾಡುವ ಸ್ವಂತ ಕೈಯೇ ಇಲ್ಲ. ಅದಕ್ಕೆ ಅಂಟಿ ನಿಂತ ಇನ್ನೊಂದು ಪ್ರೋಟೀನು ಅದರ ಪರವಾಗಿ ಕೆಲಸ ಶುರು ಮಾಡಬೇಕು. ನಾನು ಖಾಲಿ ಬಿಟ್ಟಿದ್ದ ಜಾಗದಲ್ಲಿ ಇಷ್ಟು ಜನ ಇದ್ದರು.

ತರಬೇತಿ ಮುಗಿದ ತಿಂಗಳೊಳಗೆ ತಾಯಿ ಮಗಳಿಬ್ಬರನ್ನೂ ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಸೊಸೆಗೆ ಆಗ ಹದಿನಾಲ್ಕು. ರೈಲಿನ ಟಿಕೆಟ್ ತಪಾಸಣೆಯವನು ಅರ್ಧ ಟಿಕೆಟ್ಟೂ ಬೇಡವಿತ್ತಲ್ಲ ಎಂದಾಗ, "ನಾ ಎಂಟನೇತ್ತ ಪಾಸಾಗೀನ್ರಿ, ಪೂರಾ ಟಿಕೆಟ್ ತಗೊಂಡೀವಿ" ಎಂದು ತೆಳು ದನಿಯಲ್ಲಿ ಗದರಿದಳು. ರಕ್ತ ಪರೀಕ್ಷೆಯಾಯಿತು. ಕೆಲವು ದಿನ ಕಾದೆವು. ಹಾರ್ಮೋನು ಇರಬೇಕಾದುದಕ್ಕಿಂತ ಹೆಚ್ಚೇ ಇದೆ ಎಂದರು. ತಪ್ಪು ಗ್ರಾಹಕದ ಹೊರಭಾಗದಲ್ಲಿದೆಯೋ ಒಳಗಿದೆಯೋ ಹೇಳುವ ಪರೀಕ್ಷೆ ಅಲ್ಲಿರಲಿಲ್ಲ. ಔಷಧವೂ ಇರಲಿಲ್ಲ. ಅಲ್ಲಿನ ಡಾಕ್ಟರಮ್ಮ ತಂಗಿಗೆ ತಿಳಿಯಲೆಂದು ನಿಧಾನವಾಗಿ ಹೇಳಿದರು: "ಇದು ಊಟದಿಂದ ಆದದ್ದಲ್ಲ. ನೀವು ಏನು ಹಾಕಿದ್ದರೂ ಇಷ್ಟೇ ಇರುತ್ತಿದ್ದಳು."

ವಾಪಸು ಬರುವಾಗ ರೈಲಿನಲ್ಲಿ ತಂಗಿ ಕೇಳಿದಳು, "ಅವ್ರು ಏನಂದ್ರು, ನೀ ಇನ್ನೊಮ್ಮಿ ಹೇಳು."

ಹೇಳಿದೆ. ಬೆಳೆಯಲು ಹೇಳುವ ಕಾಗದ ಮೈಯೊಳಗೆ ಬರುತ್ತದೆ, ಬಾಗಿಲಿಗೂ ಬರುತ್ತದೆ, ಆದರೆ ಒಳಗೆ ಅದನ್ನು ಓದಿ ಏಳುವವರಿಲ್ಲ ಎಂದೆ. ತರಗತಿಯ ಹಳೆಯ ಮಾತೇ ಬಾಯಿಗೆ ಬಂದಿತ್ತು.

ಅವಳು ಸ್ವಲ್ಪ ಯೋಚಿಸಿ ಹೇಳಿದಳು, "ನಮ್ಮ ಮನ್ಯಾಗೂ ಹಂಗೇ ಅಲ್ಲ? ನಿನ್ನ ಕಾಗದ ಬಂದ್ರ ನಾಕ ದಿನ ಗೂಟಕ್ಕ ಜೋತಾಡ್ತಿತ್ತು, ಮಾಸ್ತರ್ ಬಂದು ಓದೂತನ. ಬಂದ್ರೇನು, ಓದೋರು ಬೇಕು." ಆಮೇಲೆ, "ನಂದೊಂದು ಕಾಗದಂತೂ ನಿನ್ನ ಬಾಗಿಲಾನೂ ಕಾಣಲಿಲ್ಲ ಬಿಡು" ಎಂದು ನಕ್ಕಳು.

ರೈಲು ಕೃಷ್ಣೆಯ ಸೇತುವೆಗೆ ಬಂದಿತ್ತು. ಸೊಸೆ ಕಿಟಕಿಯ ಸರಳಿಗೆ ಮುಖವಿಟ್ಟು ನೀರು ನೋಡುತ್ತಿದ್ದಳು. ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಸೇತುವೆ ಮುಗಿಯಲೆಂದು ಕಾದೆ. ಮುಗಿಯದಿರಲಿ ಎಂದೂ ಅನ್ನಿಸಿತು.

"ಅದು ಮುಟ್ಟಿತ್ತು" ಎಂದೆ.

"ಯಾವ ಕಾಗದ?" ಎಂದಳು.

ನಾನು ಕಿಟಕಿಯ ಕಡೆ ತಿರುಗಿದೆ. ಅವಳ ಮುಖದ ನಗು ಹಾಗೇ ಉಳಿದು, ಆಮೇಲೆ ನಿಧಾನವಾಗಿ ಹೋಯಿತು.

"ಓದಿದ್ದ್ಯಾ?"

"ಓದಿದ್ದೆ. ಎರಡು ಸಲ."

ರಾಯಚೂರು ಬರುವವರೆಗೆ ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು. ನಿಲ್ದಾಣದಲ್ಲಿ ಇಳಿದು ಬುತ್ತಿಯ ಗಂಟು ಎತ್ತಿಕೊಳ್ಳುವಾಗ ಒಂದೇ ಮಾತು ಕೇಳಿದಳು: "ಮತ್ತ ನೀನೂ ಏಳಲಿಲ್ಲೇನಣ್ಣ?"

ಅವರನ್ನಷ್ಟೇ ಬಸ್ಸು ಹತ್ತಿಸಿ ಉಳಿದುಕೊಳ್ಳಲಾಗಲಿಲ್ಲ. ಅವರ ಜೊತೆಯೇ ದೇವದುರ್ಗಕ್ಕೆ ಹೋದೆ. ಆ ಮಧ್ಯಾಹ್ನ ಪಡಸಾಲೆಯಲ್ಲಿ ಮಾವ, ಅವನ ಅಣ್ಣ, ಅತ್ತೆ ಎಲ್ಲರೂ ಇರುವಾಗ ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಕಾಳಿನ ಕೋಣೆಯ ವಿಷಯ ಹೇಳಿದೆ. ಕಾಗದ ಬಂದದ್ದನ್ನೂ, ನಾನು ಮುಚ್ಚಿಟ್ಟದ್ದನ್ನೂ ಹೇಳಿದೆ. ಮಾವ ಎದ್ದು ಹೊರಗೆ ಹೋದ. ಅತ್ತೆ, "ಎಂಟ್ ವರ್ಷ ಆತಲ್ಲೋ ಯಪ್ಪಾ" ಎಂದಳು.

ತಂಗಿ ನನ್ನೊಂದಿಗೆ ಮಾತು ಬಿಡಲಿಲ್ಲ. ಹೋದಾಗಲೆಲ್ಲ ಊಟಕ್ಕೆ ಹಾಕುತ್ತಾಳೆ, ಹೆಂಡತಿಯನ್ನು ಕೇಳುತ್ತಾಳೆ. ಅಂದು ಸಂಜೆ ನಡೆದ ಒಂದನ್ನು ಬರೆದು ನಿಲ್ಲಿಸುತ್ತೇನೆ. ಪಡಸಾಲೆಯಲ್ಲಿ ಎಲ್ಲರೂ ಕುಳಿತಲ್ಲೇ ಅವಳು ಹಿತ್ತಾಳೆ ಬಟ್ಟಲಲ್ಲಿ ಹಾಲು ರೊಟ್ಟಿ ಕಲಸಿ ತಂದು ಮಗಳ ಮುಂದೆ ಇಟ್ಟಳು. ಕದ ತೆರೆದೇ ಇತ್ತು. ಬೆಂಕಿ ಕೇಳಲು ಬಂದ ನೆರೆಯವಳು ಹೊಸ್ತಿಲಲ್ಲಿ ನಿಂತು, ಅಭ್ಯಾಸದಂತೆ, "ಹುಡುಗಿ ಏನರ ತಿಂತಾಳೇನವ್ವ?" ಎಂದಳು.

"ಚೆಂದ ತಿಂತಾಳ" ಎಂದಳು ತಂಗಿ, ಗಟ್ಟಿಯಾಗಿ. "ಮೊದಲಿಂದಾನೂ ತಿಂತಿದ್ಲು."

ನೆರೆಯವಳು ಗಾಬರಿಯಾಗಿ, "ಹಂಗನಬ್ಯಾಡವ್ವ, ಕಣ್ಣಾದೀತು" ಎಂದಳು.

"ಆಗೂದು ಆಗಿಹೋಗ್ಯದ" ಎಂದು ತಂಗಿ ನನ್ನ ಕಡೆ ನೋಡದೆಯೇ ಇನ್ನೊಂದು ತುತ್ತು ಮಾಡಿದಳು.